ನನ್ನ ಕಥೆಗಳಿಗೊಂದು ವೆಬ್‌ಸೈಟ್ ಮಾಡಿಕೊಂಡ ಬಗೆ

ಕನ್ನಡದಲ್ಲಿ ಕಥೆ ಬರೆಯುವವರ ವೆಬ್‌ಸೈಟಿಗೆ ಯಾರು ಬರುತ್ತಾರೆ? ನಾನು ಕಂಡ ಹಾಗೆ ಮೂರು ಥರದ ಜನ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಬಂದವರು. ಪುಸ್ತಕ ಎಲ್ಲಿ ಸಿಗುತ್ತೆ ಅಂತ ಹುಡುಕಿಕೊಂಡು ಬಂದವರು. ಇನ್ನೊಂದು, ಕಾರ್ಯಕ್ರಮದ ಆಹ್ವಾನ ಪತ್ರಿಕೆಗೆ ಅರ್ಜೆಂಟಾಗಿ ಫೋಟೋ, ಪರಿಚಯ ಬೇಕಾದವರು. ಬಹುಪಾಲು ಎಲ್ಲರ ಕೈಯಲ್ಲೂ ಇರುವುದು ಫೋನು. ಸನ್ಮಾನದ ಶಾಲು ಹೊದ್ದ ಚಿತ್ರಗಳು, ತಾನೇ ಸರಿಯುವ ಬ್ಯಾನರ್, ‘ಸ್ವಾಗತ ಸುಸ್ವಾಗತ’ ಇವರಲ್ಲಿ ಯಾರಿಗೂ ಬೇಡ. ಹಾಗಾಗಿ ನಾನು ಹಾಕಲಿಲ್ಲ.

ಮೊದಲು ವಿಳಾಸ. ಕನ್ನಡ ಅಕ್ಷರದಲ್ಲೇ ಇದ್ದು ‘.ಭಾರತ’ ಎಂದು ಮುಗಿಯುವ ಡೊಮೈನ್ ಈಗ ಸಿಗುತ್ತದೆ. ಆಸೆಯೇನೋ ಆಯಿತು. ಆದರೆ ಕೆಲವು ಆ್ಯಪ್‌ಗಳಲ್ಲಿ ಅದು ತಲೆಬುಡ ತಿಳಿಯದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಅದಕ್ಕೇ ಇಂಗ್ಲಿಷ್ ಅಕ್ಷರದ ಡಾಟ್ ಇನ್ ತೆಗೆದುಕೊಂಡೆ. ಹೆಸರಿನ ಸ್ಪೆಲಿಂಗ್ ಬಗ್ಗೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ಒಂದು ‘ಎ’ ಹಾಕುವುದಾ ಎರಡಾ, ಇನಿಷಿಯಲ್ ಮುಂದಾ ಹಿಂದಾ? ಪುಸ್ತಕದ ಒಳಪುಟದಲ್ಲಿ, ಫೇಸ್‌ಬುಕ್‌ನಲ್ಲಿ ಹೇಗಿದೆಯೋ ಹಾಗೇ ಇರಲಿ. ಓದುಗರು ಗೂಗಲ್‌ನಲ್ಲಿ ಕನ್ನಡದ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ಜಾಸ್ತಿ. ಆದ್ದರಿಂದ ಪರಿಚಯದ ಪುಟದಲ್ಲಿ ನನ್ನ ಹೆಸರು, ಪುಸ್ತಕಗಳ ಹೆಸರು ಎರಡೂ ಲಿಪಿಯಲ್ಲಿವೆ.

ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ. ಅದರ ಬಗ್ಗೆ ಹೇಳುವುದೇನೂ ಇಲ್ಲ, ವಿಡಿಯೋ ನೋಡಿ ಯಾರು ಬೇಕಾದರೂ ಕಲಿಯಬಹುದು. ನಿಜವಾದ ಕೆಲಸ ಇದ್ದದ್ದು ಕಥೆಗಳ ಫೈಲಿನಲ್ಲಿ.

ನನ್ನ ಮೊದಲ ಸಂಕಲನ ಡಿಟಿಪಿ ಆದದ್ದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ. ಆ ಅಕ್ಷರಗಳು ನೋಡೋಕೆ ಮಾತ್ರ ಕನ್ನಡ. ಫೈಲಿನೊಳಗೆ ಕೂತಿರುವುದು ತಲೆಮೇಲೆ ಗೀಟು, ಚುಕ್ಕಿ ಇರುವ ಲ್ಯಾಟಿನ್ ಅಕ್ಷರಗಳು. ಸುಮ್ನೆ ಕಾಪಿ ಮಾಡಿ ಸೈಟಿಗೆ ಅಂಟಿಸಿದರೆ ಓದುಗರಿಗೆ ಕಾಣುವುದೂ ಅವೇ. ಫೋನು, ಕಂಪ್ಯೂಟರುಗಳೆಲ್ಲ ಗುರುತಿಸುವ ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳು ಇವೆ, ಚೆನ್ನಾಗೇ ಕೆಲಸ ಮಾಡುತ್ತವೆ. ಆದರೂ ಪರಿವರ್ತನೆ ಆದಮೇಲೆ ಸಾಲು ಸಾಲಾಗಿ ಓದಲೇಬೇಕು. ಅರ್ಕಾವೊತ್ತು ಇರುವ ಪದಗಳು, ಮೂರು ವ್ಯಂಜನ ಕೂಡಿದ ಒತ್ತಕ್ಷರಗಳು, ಉದ್ಧರಣ ಚಿಹ್ನೆಗಳು, ಇವುಗಳ ಮೇಲೆ ಕಣ್ಣಿಡಿ. ಕಥೆಯ ಮಧ್ಯೆ ಇಂಗ್ಲಿಷ್ ಪದ ಬಂದಿದ್ದರೆ ಪರಿವರ್ತಕ ಅದನ್ನೂ ‘ಕನ್ನಡ’ ಮಾಡಿ ಬಿಟ್ಟಿರುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ತೊಂದರೆ ಸೊನ್ನೆ. ‘ಅಂಗಡಿ’ ಮತ್ತು ‘ಅ೦ಗಡಿ’, ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಕಾಗದದ ಮೇಲೆ ಯಾವುದಾದರೂ ನಡೆಯುತ್ತದೆ. ವೆಬ್‌ನಲ್ಲಿ ಎರಡನೆಯ ಥರ ಬರೆದಿದ್ದರೆ, ‘ಅಂಗಡಿ’ ಎಂದು ಹುಡುಕಿದವರಿಗೆ ನಿಮ್ಮ ಕಥೆ ಸಿಗದೇ ಹೋಗಬಹುದು. ಕುರುಡರಿಗೆ ಓದಿ ಹೇಳುವ ತಂತ್ರಾಂಶವೂ ಅಲ್ಲಿ ಎಡವುತ್ತದೆ. ನಾನು ‘ಹುಡುಕು–ಬದಲಿಸು’ ಕೊಟ್ಟು ಸರಿ ಮಾಡಿದೆ. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ. ಕಥೆಯಲ್ಲಿ ೧೯೮೦ ಅಂತ ಇಸವಿ ಇದ್ದರೆ ಅದರ ಸೊನ್ನೆಯೂ ಅನುಸ್ವಾರ ಆಗಿಬಿಡುತ್ತದೆ. ಒಂದೊಂದೇ ನೋಡಿ ಒಪ್ಪಿಗೆ ಕೊಡಬೇಕು. ಬೇಜಾರಿನ ಕೆಲಸ, ರೇಡಿಯೋ ಹಾಕಿಕೊಂಡು ಮಾಡಿ.

ಆಮೇಲೆ ಅಕ್ಷರದ ರೂಪ. ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡಕ್ಕೆ ಈಗ ಒಳ್ಳೆಯ ಆಯ್ಕೆಗಳಿವೆ: ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ. ಕಥೆಗೆ ನೋಟೋ ಸೆರಿಫ್, ಶೀರ್ಷಿಕೆಗೆ ಅನೇಕ್ ಇಟ್ಟುಕೊಂಡೆ. ಎಷ್ಟು ಫಾಂಟ್ ಸೇರಿಸಿದರೆ ಪುಟ ಅಷ್ಟು ಭಾರ, ಎರಡು ಸಾಕು. ಅದಕ್ಕಿಂತ ಮುಖ್ಯ ಸಾಲುಗಳ ನಡುವಿನ ಜಾಗ. ವರ್ಡ್‌ಪ್ರೆಸ್‌ನ ಥೀಮ್‌ಗಳನ್ನು, ಅಂದರೆ ಸಿದ್ಧ ವಿನ್ಯಾಸಗಳನ್ನು, ಹೆಚ್ಚಾಗಿ ಇಂಗ್ಲಿಷ್ ನೋಡಿಕೊಂಡು ಮಾಡಿರುತ್ತಾರೆ. ಅದರಲ್ಲಿ ‘ರಾಷ್ಟ್ರೀಯ’ ಎಂದು ಬರೆದು ನೋಡಿ. ‘ಷ್ಟ್ರೀ’ಯ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ 1.8 ಪಟ್ಟಿಗೆ ಏರಿಸಿದಾಗ ನನ್ನ ಪುಟ ಉಸಿರಾಡಿತು. ಅಕ್ಷರದ ಅಳತೆ 19 ಪಿಕ್ಸೆಲ್ ಇಟ್ಟೆ, ನನ್ನ ಓದುಗರಲ್ಲಿ ಚಾಳೀಸು ದಾಟಿದವರೇ ಜಾಸ್ತಿ.

ಇನ್ನೆರಡು ಸಣ್ಣ ವಿಷಯ. ಪುಸ್ತಕದಲ್ಲಿರುವ ಹಾಗೆ ಎರಡೂ ಅಂಚು ಸಮ ಮಾಡಬೇಡಿ. ಕನ್ನಡದ ಪದಗಳು ಉದ್ದ, ಫೋನಿನ ಪರದೆ ಸಣ್ಣದು, ನಡುವೆ ದೊಡ್ಡ ದೊಡ್ಡ ಸಂದಿ ಬೀಳುತ್ತದೆ. ಎಡಕ್ಕೆ ಜೋಡಿಸಿದರೆ ಸಾಕು. ಹಾಗೇ ಥೀಮ್‌ನಲ್ಲಿ ಎಲ್ಲೆಲ್ಲಿ ಇಟಾಲಿಕ್ ಇದೆಯೋ ತೆಗೆಯಿರಿ. ಬ್ರೌಸರ್ ಕನ್ನಡದ ಅಕ್ಷರವನ್ನು ಸುಮ್ಮನೆ ಓರೆ ಮಾಡಿ ನಿಲ್ಲಿಸುತ್ತದೆ, ಗಾಳಿಗೆ ವಾಲಿದ ಬೇಲಿ ಗೂಟದ ಹಾಗೆ.

ಪುಟದ ವಿಳಾಸದಲ್ಲೂ ಒಂದು ತಮಾಷೆ ಇದೆ. ವರ್ಡ್‌ಪ್ರೆಸ್ ಕಥೆಯ ಹೆಸರನ್ನೇ ತೆಗೆದುಕೊಂಡು ವಿಳಾಸ ಮಾಡುತ್ತದೆ. ಅದಕ್ಕೆ ಇಟ್ಟಿರುವುದು 200 ಜಾಗ. ಕನ್ನಡದ ಒಂದೊಂದು ಚಿಹ್ನೆಯೂ ಅಲ್ಲಿ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲಾಗಿ 9 ಜಾಗ ತಿನ್ನುತ್ತದೆ. ‘ಕ್ಷ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಕ, ಹಲಂತ, ಷ ಸೇರಿ ಮೂರು, ಅಂದರೆ 27 ಜಾಗ. ಸ್ವಲ್ಪ ಉದ್ದದ ಹೆಸರಾದರೆ ವಿಳಾಸ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ವಾಟ್ಸಾಪ್‌ಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಮೆರವಣಿಗೆ ಬೇರೆ. ಪ್ರತಿ ಕಥೆಗೂ ಎರಡು ಮೂರು ಪದದ ಇಂಗ್ಲಿಷ್ ಅಕ್ಷರದ ವಿಳಾಸ ನಾನೇ ಬರೆಯುತ್ತೇನೆ.

ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದಾಗ ಕೆಳಗೆ ಒಂದು ಚಿತ್ರ, ಹೆಸರು, ಒಂದು ಸಾಲು ಬರುತ್ತದಲ್ಲ, ನನ್ನ ಮಟ್ಟಿಗೆ ಅದೇ ಮುಖಪುಟ. ಮುಕ್ಕಾಲು ಪಾಲು ಜನ ಅದನ್ನು ನೋಡಿಯೇ ಒತ್ತುವುದೋ ಬಿಡುವುದೋ ತೀರ್ಮಾನ ಮಾಡುತ್ತಾರೆ. ಎಸ್ಇಒ ಪ್ಲಗಿನ್‌ನಲ್ಲಿ (ಗೂಗಲ್‌ನಲ್ಲಿ ಸೈಟ್ ಸಿಗುವ ಹಾಗೆ ಮಾಡಲು ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ಇದಕ್ಕೆ ಜಾಗ ಇರುತ್ತದೆ. ಚಿತ್ರ ಅಡ್ಡಕ್ಕೆ 1200 ಪಿಕ್ಸೆಲ್, ತೂಕ 300 ಕೆಬಿ ಒಳಗೆ. ತೀರಾ ದೊಡ್ಡದಾದರೆ ಕೆಲವು ಸಲ ಚಿತ್ರವೇ ಬರುವುದಿಲ್ಲ. ಆ ಒಂದು ಸಾಲಿಗೆ ‘ಇದು ಮನಮಿಡಿಯುವ ಕಥೆ’ ಅಂತೆಲ್ಲ ಬರೆಯುವುದಿಲ್ಲ, ಕಥೆಯ ಮೊದಲ ವಾಕ್ಯವನ್ನೇ ಹಾಕುತ್ತೇನೆ.

ಪ್ರತಿ ಸಂಕಲನದಿಂದ ಒಂದು ಕಥೆಯನ್ನು ಪೂರ್ತಿ ಕೊಟ್ಟಿದ್ದೇನೆ. ಮೊದಲ ಸಂಕಲನಕ್ಕೆ ಪ್ರಕಾಶಕರ ಒಪ್ಪಿಗೆ ಕೇಳಿದೆ, ಪುಸ್ತಕದ ಮುಖಪುಟದ ಚಿತ್ರ ಬರೆದವರನ್ನೂ ಕೇಳಿ ಅವರ ಹೆಸರು ಹಾಕಿದೆ. ಪಿಡಿಎಫ್ ಎಲ್ಲೂ ಇಟ್ಟಿಲ್ಲ. ಪುಸ್ತಕಗಳ ಪಿಡಿಎಫ್ ಪುಕ್ಕಟೆ ಹಂಚುವ ಟೆಲಿಗ್ರಾಂ ಗುಂಪುಗಳ ಭಯ ಒಂದು ಕಾರಣ. ಅದಕ್ಕಿಂತ, ಫೋನಿನಲ್ಲಿ ಪಿಡಿಎಫ್ ಹಿಗ್ಗಿಸಿ, ಎಳೆದಾಡಿ ಕಥೆ ಓದಿಸುವುದು ಓದುಗರಿಗೆ ಕೊಡುವ ಶಿಕ್ಷೆ. ಪತ್ರಿಕೆಯ ವಿಮರ್ಶೆಗಳ ಕತ್ತರಿಕೆಗೂ ಇದೇ ಮಾತು. ಫೋಟೋ ಹೊಡೆದು ಹಾಕಿದರೆ ಯಾರೂ ಓದಲಾರರು. ಎರಡು ಸಾಲು ಟೈಪ್ ಮಾಡಿ, ಪತ್ರಿಕೆ ಹೆಸರು, ತಾರೀಕು ಕೊಟ್ಟರೆ ಆಯಿತು. ಕಥೆ ಮುಗಿದ ಕೂಡಲೇ ಕೆಳಗೆ ‘ಈ ಕಥೆ ಇರುವ ಪುಸ್ತಕ’ ಎಂಬ ಬಟನ್ ಇದೆ. ಮಾರಾಟ ಆಗುವುದು ಬಹುತೇಕ ಅಲ್ಲಿಂದಲೇ.

ಎರಡನೆಯ ಸಂಕಲನ ನಾನೇ ಅಚ್ಚು ಹಾಕಿಸಿದ್ದು. ಸೈಟಿನಲ್ಲೇ ಹಣ ಕಟ್ಟಿಸಿಕೊಳ್ಳುವ ಪೇಮೆಂಟ್ ಗೇಟ್‌ವೇ ಕಡೆ ಹೋಗಲಿಲ್ಲ, ತಿಂಗಳಿಗೆ ಹತ್ತಿಪ್ಪತ್ತು ಪ್ರತಿಗೆ ಅಷ್ಟೆಲ್ಲ ಬೇಕಾಗಿಲ್ಲ. ಕ್ಯೂಆರ್ ಕೋಡ್ ಎಲ್ಲರೂ ಹಾಕುತ್ತಾರೆ. ಆದರೆ ಅದೇ ಫೋನಿನಲ್ಲಿ ಸೈಟ್ ನೋಡುತ್ತಿರುವವರು ಆ ಕೋಡನ್ನು ಯಾವುದರಿಂದ ಸ್ಕ್ಯಾನ್ ಮಾಡಬೇಕು? ಅದಕ್ಕೇ ಯುಪಿಐ ಐಡಿಯನ್ನು ಕಾಪಿ ಮಾಡಿಕೊಳ್ಳುವ ಹಾಗೆ ಅಕ್ಷರದಲ್ಲೂ ಕೊಟ್ಟೆ. ಪಕ್ಕದಲ್ಲೊಂದು ವಾಟ್ಸಾಪ್ ಬಟನ್. ಒತ್ತಿದರೆ ‘ನಮಸ್ಕಾರ, ಪುಸ್ತಕ ಬೇಕು. ಹೆಸರು: ವಿಳಾಸ: ಪಿನ್‌ಕೋಡ್:’ ಎಂಬ ಸಂದೇಶ ತಯಾರಾಗೇ ತೆರೆಯುತ್ತದೆ. ‘ಪಿನ್‌ಕೋಡ್’ ಎಂದು ಬರೆದ ಮೇಲೆ ‘ಸಾರ್, ಪಿನ್ ಹೇಳಿ’ ಎಂದು ಕೇಳುವ ಕೆಲಸ ತಪ್ಪಿತು. ಇದಕ್ಕೆ ಬೇರೆಯದೇ ಸಿಮ್ ಇಟ್ಟುಕೊಂಡಿದ್ದೇನೆ, ಮನೆಯ ನಂಬರ್ ಸೈಟಿನಲ್ಲಿ ಹಾಕುವುದು ಬೇಡ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಪುಸ್ತಕ ಕಳಿಸಲು ‘ಜ್ಞಾನ ಪೋಸ್ಟ್’ ಶುರು ಮಾಡಿತು. 300 ಗ್ರಾಂವರೆಗೆ 20 ರೂಪಾಯಿ ಮತ್ತು ತೆರಿಗೆ, ಟ್ರ್ಯಾಕಿಂಗೂ ಇದೆ. ತೆಳ್ಳಗಿನ ಕಥಾಸಂಕಲನ ಆ ತೂಕದೊಳಗೆ ಬರುತ್ತದೆ. ವಿದೇಶದ ಕನ್ನಡಿಗರಿಗೆ ಅಂಚೆ ಖರ್ಚು ಪುಸ್ತಕದ ಬೆಲೆಯನ್ನೂ ಮೀರುತ್ತದೆ. ಅವರಿಗೆ ಗೂಗಲ್ ಪ್ಲೇ ಬುಕ್ಸ್‌ನ ಇ-ಪುಸ್ತಕದ ಲಿಂಕ್ ಕೊಟ್ಟಿದ್ದೇನೆ.

ಆಹ್ವಾನ ಪತ್ರಿಕೆಯವರಿಗೆ ಒಂದು ಪುಟ: ದೊಡ್ಡ ಅಳತೆಯ ಎರಡು ಫೋಟೋ, 50 ಪದದ ಪರಿಚಯ, 150 ಪದದ ಪರಿಚಯ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನುಡಿಯೇ. ಹಾಗಾಗಿ ಅದೇ ಪರಿಚಯದ ನುಡಿ ಫೈಲನ್ನೂ ಇಟ್ಟೆ. ಯೂನಿಕೋಡ್ ಬಗ್ಗೆ ಇಷ್ಟೆಲ್ಲ ಹೇಳಿ ಇದೇನು ಅನ್ನಬೇಡಿ. ಮರುದಿನ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾದ ಕಾರ್ಡಿನಲ್ಲಿ ನಮ್ಮ ಹೆಸರು ಸರಿಯಾಗಿ ಬಂದರೆ ಸಾಕು.

ಡೊಮೈನ್ ಮತ್ತು ಹೋಸ್ಟಿಂಗ್ (ಸೈಟನ್ನು ಇಡುವ ಬಾಡಿಗೆ ಜಾಗ) ಖಾತೆ ಮಾತ್ರ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಇರಲಿ. ಸೈಟ್ ಮಾಡಿಕೊಟ್ಟ ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಅವನು ಕೆಲಸ ಬದಲಿಸಿ ಊರು ಬಿಟ್ಟ ವರ್ಷವೇ ನವೀಕರಣದ ನೋಟಿಸ್ ಬರುವುದು.