ಕಾಫಿ ಹೂವಿಗೆ ಬಿಳಿ ಬಳಿದವನು

ನಮ್ಮ ಶಾಲೆಯ ಗೋಡೆಯ ಮೇಲೆ ‘ಸೋಲೇ ಗೆಲುವಿನ ಸೋಪಾನ’ ಎಂದು ದಪ್ಪಕ್ಷರದಲ್ಲಿ ಬರೆದವನು ನಾನೇ. ಕೊಡಗಿನ ಸೋಮವಾರಪೇಟೆ ಕಡೆಯ ಪ್ರೌಢಶಾಲೆಯೊಂದರ ಚಿತ್ರಕಲಾ ಶಿಕ್ಷಕನಾದ ಮೇಲೆ ಗೋಡೆಬರಹವೂ ನನ್ನ ಪಾಲಿಗೇ ಬರುತ್ತದೆ. ‘ಸೋಪಾನ’ದ ‘ಪಾ’ ಸ್ವಲ್ಪ ಓರೆಯಾಗಿದೆ, ಇನ್ನೂ ತಿದ್ದಿಲ್ಲ. ಆ ಮಾತಿನಲ್ಲಿ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಒಂದೇ ತಪ್ಪನ್ನು ಹತ್ತು ಸಲ ಮಾಡಿದವನು ಮೆಟ್ಟಿಲು ಹತ್ತಿರುವುದಿಲ್ಲ, ಗಾಣ ಸುತ್ತಿರುತ್ತಾನೆ. ಇದನ್ನು ನಾನು ಕಾಫಿ ಹೂವಿನಿಂದ ಕಲಿತೆ.

ರೊಬಸ್ಟಾ ಜಾತಿಯ ಕಾಫಿ ಬೆಳೆದವರು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿಕೊಳ್ಳುತ್ತಾರೆ. ನಮ್ಮ ಸುತ್ತಿನ ಅರೇಬಿಕಾ ಮಾತ್ರ ಮಾರ್ಚ್, ಏಪ್ರಿಲ್‌ನ ಹೂಮಳೆಗೆ ಬಾಯಿಬಿಟ್ಟು ಕಾಯುತ್ತದೆ. ಮಳೆ ಬಿದ್ದ ಎಂಟು, ಹತ್ತು ದಿನಕ್ಕೆ ತೋಟವೆಲ್ಲ ಬಿಳಿಯಾಗಿ, ಮೂರು ನಾಲ್ಕು ದಿನದಲ್ಲಿ ಕಂದಿಹೋಗುತ್ತದೆ. ಅಷ್ಟರೊಳಗೆ ಅದನ್ನು ಜಲವರ್ಣದಲ್ಲಿ ಹಿಡಿಯಬೇಕು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

2016ರಲ್ಲಿ ಮೊದಲು ಕುಳಿತಾಗ ಎಲೆಗಳನ್ನೆಲ್ಲ ಹಸಿರಾಗಿ ಮುಗಿಸಿ, ಮೇಲೆ ಬಿಳಿ ಪೋಸ್ಟರ್ ಬಣ್ಣದ ಚುಕ್ಕೆ ಇಟ್ಟೆ. ಹೆಮ್ಮೆಯಿಂದ ತರಗತಿಗೆ ತಂದು ತೋರಿಸಿದರೆ, ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಬೋರ್ಡೋ ಹೊಡೆದ ಗಿಡವೇ?” ಎಂದ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದ ಮೇಲೆ ಎಲೆಗಳ ಮೇಲೆ ಉಳಿಯುವ ಕಲೆ ತೋಟದ ಮಕ್ಕಳಿಗೆ ಗೊತ್ತು. ಅವನು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಅದೇ ಹೆಚ್ಚು ಚುಚ್ಚಿತು.

ಜಲವರ್ಣದಲ್ಲಿ ಬಿಳಿಯೆಂದರೆ ಬಣ್ಣ ಮುಟ್ಟಿಸದೆ ಉಳಿಸಿದ ಕಾಗದ. ಮಕ್ಕಳಿಗೆ ಇದನ್ನು ಪಾಠ ಮಾಡುವವನೇ ನಾನು. ಮರುವರ್ಷ ಹೂವಿನ ಜಾಗಕ್ಕೆಲ್ಲ, ಬಣ್ಣ ತಾಗದಂತೆ ಕಾಗದವನ್ನು ಮುಚ್ಚುವ ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿದೆ. ರಬ್ಬರಿನಂತೆ ಒಣಗುವ ಆ ದ್ರವವನ್ನು ಬಣ್ಣ ಆರಿದ ಕೂಡಲೇ ಕೀಳಬೇಕು. ನಡುವೆ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೆಲಸ ಬಂತು. ಹದಿನೈದು ದಿನ ಬಿಟ್ಟು ಕಿತ್ತಾಗ ಅದರ ಜೊತೆಗೆ ಕಾಗದದ ಸಿಪ್ಪೆಯೂ ಎದ್ದು ಬಂತು.

2018ರ ಹೂವಿನ ಹೊತ್ತಿಗೆ ಜ್ವರ ಹಿಡಿದು ಮಲಗಿದ್ದೆ. ಆ ವರ್ಷದ ಕಾಗದ ಅಲಮಾರಿನಲ್ಲೇ ಉಳಿಯಿತು. ಉಳಿತಾಯದ ದುಡ್ಡಿನಲ್ಲಿ ತರಿಸಿದ್ದ 300 ಜಿಎಸ್ಎಂನ ದಪ್ಪ ಹತ್ತಿ ಕಾಗದ. ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು, ಶಾಲೆಯೇ ಪರಿಹಾರ ಕೇಂದ್ರವಾಯಿತು. ಆಗ ಕಾಗದದ ನೆನಪು ಯಾರಿಗೆ? 2019ರ ಹೂವಿಗೆ ಕಟ್ಟು ಬಿಚ್ಚಿದೆ. ನೋಡಲು ಹೊಸದರಂತೆಯೇ ಇತ್ತು. ಕುಂಚ ತಾಗಿಸಿದರೆ ಬಣ್ಣ ಒತ್ತುಕಾಗದಕ್ಕೆ ಇಳಿದಂತೆ ಸುರ್ರನೆ ಇಳಿದು ಮಚ್ಚೆಮಚ್ಚೆಯಾಯಿತು. ಕಾಗದದ ಮೈಗೆ ಬಣ್ಣ ತಡೆದು ನಿಲ್ಲಿಸುವ ಅಂಟಿನ ಲೇಪವಿರುತ್ತದೆ. ಮಳೆಗಾಲದ ಥಂಡಿಗೆ ಅದು ಸತ್ತಿತ್ತು. ಮೆಣಸು ಬೆಚ್ಚಗಿರುತ್ತದಲ್ಲ ಎಂದು ಮುಂದಿನ ಕಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಅಂಚೆಲ್ಲ ಹೊಗೆಗೆ ಕಂದಾಗಿ, ಅದನ್ನು ಬಿಡಿಸಿದಾಗಲೆಲ್ಲ ಮನೆಯವಳಿಗೆ ನಗು. ಕೊನೆಗೆ ಬಟ್ಟೆ ಬೂಷ್ಟು ಹಿಡಿಯದಿರಲು ಮಾಡುವ ಉಪಾಯವೇ ಕೈಹಿಡಿಯಿತು: ಅಲಮಾರಿನೊಳಗೊಂದು ಸಣ್ಣ ಬಲ್ಬು.

ಈ ಹೊತ್ತಿಗೆ ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಕೆಟ್ಟ ಚಿತ್ರವನ್ನು ಹರಿಯುವಂತಿಲ್ಲ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಖು, ಕಾಗದ, ಹವೆ, ಎಲ್ಲಿ ಕೆಟ್ಟಿತು ಎಂಬುದನ್ನು ಬರೆಯಬೇಕು. ‘ಚೆನ್ನಾಗಿ ಬರಲಿಲ್ಲ’ ಎಂದು ಬರೆದರೆ ಲೆಕ್ಕಕ್ಕಿಲ್ಲ. ಹಳೆಯ ಹಾಳೆಗಳ ಬೆನ್ನು ಓದಿದರೆ ನನಗೇ ನಾಚಿಕೆಯಾಗುತ್ತಿತ್ತು. ಎಲ್ಲದರಲ್ಲೂ ದೂರು ಬಣ್ಣದ ಮೇಲೆ, ಕಾಗದದ ಮೇಲೆ, ಪರೀಕ್ಷೆಯ ಮೇಲೆ. ಒಂದರಲ್ಲೂ ‘ನಾನು’ ಇಲ್ಲ.

2022ರಲ್ಲಿ ಕಾಗದ ಚೆನ್ನಾಗಿತ್ತು, ಹೂವಿನ ಸುತ್ತ ಹಸಿರು ತುಂಬಿ ಬಿಳಿ ಉಳಿಸುವ ಕೈಯೂ ಪಳಗಿತ್ತು. ಕೆಡಲು ಏನೂ ಉಳಿದಿರಲಿಲ್ಲ. ಆ ಚಿತ್ರವನ್ನು ಕಟ್ಟು ಹಾಕಿಸಿ, 2023ರ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಒಯ್ದೆ. ಹಿರಿಯರೊಬ್ಬರು ತುಂಬ ಹೊತ್ತು ನೋಡಿ, “ಮಲ್ಲಿಗೆ ತೋಟವೇ? ಉಡುಪಿಯೇ?” ಎಂದರು. ಸಂಜೆ ಚಿತ್ರ ನನ್ನೊಡನೆಯೇ ಬಸ್ ಹತ್ತಿತು.

ಊರಿಗೆ ಬಂದವನೇ ಪಕ್ಕದ ತೋಟದಲ್ಲಿ ಕೆಲಸಕ್ಕೆ ಬರುವ ಅಕ್ಕನಿಗೆ ಅದನ್ನು ತೋರಿಸಿದೆ. ಅವರು ಚಿತ್ರವನ್ನು ಒಮ್ಮೆ ತಲೆಕೆಳಗಾಗಿಯೂ ನೋಡಿದರು. “ಮೇಷ್ಟ್ರೇ, ಹೂವನ್ನು ಎಲೆಯ ಮೇಲೆ ಕೂರಿಸಿದ್ದೀರಿ. ಅದು ಕೂರುವುದು ಗಿಣ್ಣಿನಲ್ಲಿ. ಒಂದು ಗಿಣ್ಣು ಹೂವು, ಸ್ವಲ್ಪ ಬರಿ ಕಡ್ಡಿ, ಮತ್ತೊಂದು ಗಿಣ್ಣು.” ಏಳು ವರ್ಷ ತೋಟದಲ್ಲಿ ಕುಳಿತು ನಾನು ಬಿಳಿಯನ್ನು ನೋಡಿದ್ದೆ, ಗಿಡವನ್ನು ನೋಡಿರಲಿಲ್ಲ. ಬೋರ್ಡೋ ಎಂದ ಹುಡುಗನೂ ಹೇಳಿದ್ದು ಇದನ್ನೇ. ಕಾಗದ, ಬಣ್ಣಗಳ ತಪ್ಪು ಒಂದೊಂದಾಗಿ ತೀರದಿದ್ದರೆ ಈ ದೊಡ್ಡ ತಪ್ಪು ಅವುಗಳ ಹಿಂದೆಯೇ ಅಡಗಿರುತ್ತಿತ್ತು. ಆ ಹಾಳೆಯ ಬೆನ್ನಿಗೆ ‘ನಾನು ನೋಡಿಲ್ಲ’ ಎಂದು ಬರೆದೆ.

ಮುಂದಿನ ಎರಡು ಹೂಮಳೆಗಳಲ್ಲಿ ಬಣ್ಣ ಮುಟ್ಟಲಿಲ್ಲ, ಪೆನ್ಸಿಲಿನಲ್ಲಿ ರೆಂಬೆಗಳನ್ನಷ್ಟೇ ಬರೆದೆ. ಆಮೇಲಿನ ಹೂವಿಗೆ ಎರಡು ಹಾಳೆ ಮಾಡಿದೆ. ಮೊದಲನೆಯದರಲ್ಲಿ ನೆರಳು ರಾಡಿಯಾಗಿ ಹೋಯಿತು. ಎರಡನೆಯದನ್ನು ಅಕ್ಕನ ಮುಂದೆ ಹಿಡಿದೆ. ಅವರು ಹುಬ್ಬು ಗಂಟಿಕ್ಕಿದರು.

“ಇದು ಯಾರ ತೋಟ ಮೇಷ್ಟ್ರೇ? ಬೇಡದ ಚಿಗುರು ತೆಗೆಸಿಯೇ ಇಲ್ಲವಲ್ಲ!”