ಏಳು ಸೆಂಟಿಮೀಟರ್: ಕಡಲ ದಂಡೆಯಲ್ಲಿ ಸ್ಪ್ರಿಂಟ್ ಕಲಿಯುವ ಬಗೆ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಮಹಿಳೆಯರ 400 ಮೀಟರ್ ಹರ್ಡಲ್ಸ್ (ಅಡ್ಡ ಇಟ್ಟ ತಡೆಗಳನ್ನು ದಾಟಿ ಓಡುವ) ಓಟವನ್ನು ಒಲಿಂಪಿಕ್ಸ್‌ಗೆ ಸೇರಿಸಿದ್ದೇ ಆ ವರ್ಷ. ಮೂರನೆಯವರಾಗಿ ಬಂದ ರೊಮೇನಿಯಾದ ಓಟಗಾರ್ತಿಯ ಸಮಯ 55.41 ಸೆಕೆಂಡು. ನಾಲ್ಕನೆಯವರಾದ ನಮ್ಮ ಪಿ.ಟಿ. ಉಷಾ ಅವರದು 55.42. ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗಕ್ಕೆ.

ಅದನ್ನು ಉದ್ದಕ್ಕೆ ತಿರುಗಿಸಿ ನೋಡಿ. 400 ಮೀಟರನ್ನು 55.42 ಸೆಕೆಂಡಿನಲ್ಲಿ ಓಡಿದರೆ ಸೆಕೆಂಡಿಗೆ ಸುಮಾರು 7.2 ಮೀಟರ್. ಅದರ ನೂರನೇ ಒಂದು ಭಾಗ ಅಂದರೆ 7 ಸೆಂಟಿಮೀಟರ್. ನಿಮ್ಮ ನಾಲ್ಕು ಬೆರಳು ಜೋಡಿಸಿಟ್ಟರೆ ಎಷ್ಟು ಅಗಲವೋ ಅಷ್ಟು. ಸ್ಪ್ರಿಂಟ್, ಅಂದರೆ ಸಣ್ಣ ದೂರದ ಜೋರು ಓಟ, ಕಲಿಯುವುದೆಂದರೆ ಈ ನಾಲ್ಕು ಬೆರಳಿನ ಜಾಗ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ಹುಡುಕುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಮಕ್ಕಳಿಗೆ ಅದನ್ನು ಹುಡುಕಲು ಒಳ್ಳೆಯ ಜಾಗ ಮನೆಯ ಹತ್ತಿರವೇ ಇದೆ. ಉಷಾ ಕೂಡ ಕಲಿತದ್ದು ಕೇರಳದ ಪಯ್ಯೋಳಿಯ ಕಡಲ ದಂಡೆಯಲ್ಲಿ, ಕೋಚ್ ಒ.ಎಂ. ನಂಬಿಯಾರ್ ಅವರ ಕಣ್ಣೆದುರು, ಅಲೆಗಳ ಪಕ್ಕದಲ್ಲಿ ಓಡಿ. 1985ರಲ್ಲಿ ಜಕಾರ್ತದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಅವರು ಗೆದ್ದದ್ದು 5 ಚಿನ್ನ, 1 ಕಂಚು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ 4 ಚಿನ್ನ, 1 ಬೆಳ್ಳಿ.

ಮರಳು ಆರಿಸುವುದು

ದಂಡೆಗೆ ಹೋದ ಮಕ್ಕಳು ಮೊದಲು ಮಾಡುವ ತಪ್ಪೆಂದರೆ ಒಣ ಮರಳಿನಲ್ಲಿ ಜೋರಾಗಿ ಓಡುವುದು. ಬೆವರು ಬರುತ್ತದೆ, ಕಾಲು ಉರಿಯುತ್ತದೆ, ಭಾರೀ ಅಭ್ಯಾಸ ಆಯಿತು ಅನ್ನಿಸುತ್ತದೆ. ಆದರೆ ಒಳ್ಳೆಯ ಸ್ಪ್ರಿಂಟರ್‌ನ ಪಾದ ಪೂರ್ತಿ ವೇಗದಲ್ಲಿದ್ದಾಗ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಒಣ ಮರಳು ಕುಸಿಯುವುದರಿಂದ ಪಾದ ಅಲ್ಲೇ ತಡೆದು ನಿಲ್ಲುತ್ತದೆ. ದಿನಾ ಅಲ್ಲೇ ಓಡಿದರೆ ಕಾಲು ನಿಧಾನವನ್ನೇ ಕಲಿಯುತ್ತದೆ, ಹಿಮ್ಮಡಿಯ ಮೇಲಿನ ನರಕ್ಕೂ ನೋವು ಬರುತ್ತದೆ. ಒಣ ಮರಳನ್ನು ಬಲಕ್ಕಷ್ಟೇ ಇಟ್ಟುಕೊಳ್ಳಿ: ಮೊಣಕಾಲು ಎತ್ತಿ ಎತ್ತಿ 20 ಮೀಟರ್ ನಡಿಗೆ, ನಾಲ್ಕು ಸಲ, ವಾರಕ್ಕೊಂದು ದಿನ. ಅಷ್ಟು ಸಾಕು.

ಓಡಲು ಬೇಕಾದದ್ದು ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಒದ್ದೆ ಗಟ್ಟಿ ಮರಳು. ಹಿಮ್ಮಡಿಯಿಂದ ಒತ್ತಿ ನೋಡಿ. ಅರ್ಧ ಸೆಂಟಿಮೀಟರ್ ಇಳಿದರೆ ಸರಿ, ಒಂದು ಸೆಂಟಿಮೀಟರಿಗಿಂತ ಹೆಚ್ಚು ಇಳಿದರೆ ಆ ಪಟ್ಟಿ ಬೇಡ. ಇಳಿತಕ್ಕೆ ಒಂದು ತಾಸು ಮೊದಲಿನಿಂದ ಒಂದು ತಾಸು ನಂತರದವರೆಗೆ ಒಳ್ಳೆಯ ಹೊತ್ತು. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಇದ್ದರೆ ನಾಳೆ 6.50ರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿದು ಪಟ್ಟಿ ಅಗಲವಾಗುತ್ತದೆ. ಸಮಯ ಗೊತ್ತಾಗದಿದ್ದರೆ ಮೀನು ಹಿಡಿಯುವವರನ್ನು ಕೇಳಿ, ಅವರಿಗೆ ಗಡಿಯಾರ ಬೇಡ.

ಓಡುವ ಮುಂಚೆ ಆ ಪಟ್ಟಿಯ ಮೇಲೆ ತುದಿಯಿಂದ ತುದಿಗೆ ನಡೆಯಿರಿ. ಚಿಪ್ಪು, ಬಾಟಲಿ ಚೂರು, ಮೀನಿನ ಮುಳ್ಳು, ಬಲೆಯ ತುಂಡು, ಎಲ್ಲ ಹೆಕ್ಕಿ. ರಂಪಣಿ (ದಂಡೆಯಿಂದ ಎಳೆಯುವ ದೊಡ್ಡ ಬಲೆ) ಎಳೆಯುವ ದಿನ ಹಗ್ಗದ ಹತ್ತಿರ ಓಡಬೇಡಿ, ಸಡಿಲವಾಗಿ ಬಿದ್ದ ಹಗ್ಗ ಯಾವ ಕ್ಷಣದಲ್ಲಾದರೂ ಬಿಗಿಯಾಗಿ ಮೇಲೇಳಬಹುದು. ನದಿ ಕಡಲು ಸೇರುವ ಅಳಿವೆಯ ಬಳಿಯೂ ಬೇಡ. ದಂಡೆ ಯಾವಾಗಲೂ ಕಡಲ ಕಡೆ ವಾಲಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಎರಡು ಓಟ ಆ ಕಡೆಗಾದರೆ ಎರಡು ಈ ಕಡೆಗೆ ಆಗಲೇಬೇಕು.

ಹೆಜ್ಜೆ ಗುರುತು ಓದುವುದು

ಸಿಂಥೆಟಿಕ್ ಟ್ರ್ಯಾಕ್ ನಿಮ್ಮ ಓಟವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಒದ್ದೆ ಮರಳು ಮುಂದಿನ ಅಲೆ ಬರುವವರೆಗೂ ಇಟ್ಟುಕೊಂಡಿರುತ್ತದೆ. ಕ್ಯಾಮೆರಾ ಇಲ್ಲದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಬರಿಗಾಲಲ್ಲಿ 30 ಮೀಟರ್ ಒಂದು ಸಲ ಪೂರ್ತಿ ಜೋರಾಗಿ ಓಡಿ. ತಿರುಗಿ ಬರುವಾಗ ಗುರುತಿನ ಪಕ್ಕದಲ್ಲಿ ನಿಧಾನಕ್ಕೆ ನಡೆದು ನೋಡಿ. ಮುಂಗಾಲಿನ ಗುಂಡಿ ಆಳವಾಗಿ, ಬೆರಳುಗಳ ಹಿಂದೆ ಸ್ವಲ್ಪ ಮರಳು ಕೆದರಿ ಬಿದ್ದಿದ್ದರೆ ನೀವು ನೆಲವನ್ನು ಹಿಂದಕ್ಕೆ ತಳ್ಳಿದ್ದೀರಿ. ಅದೇ ಬೇಕಾದದ್ದು. ಹಿಮ್ಮಡಿಯ ಗುಂಡಿಯೇ ಆಳವಾಗಿದ್ದರೆ ಕಾಲು ದೇಹಕ್ಕಿಂತ ತುಂಬ ಮುಂದೆ ಬಿದ್ದಿದೆ, ಪ್ರತಿ ಹೆಜ್ಜೆಗೂ ನೀವೇ ಬ್ರೇಕ್ ಹಾಕಿದ್ದೀರಿ. ಹೆಜ್ಜೆ ಉದ್ದ ಮಾಡಬೇಕೆಂದು ಕಾಲನ್ನು ಚಾಚುವವರಲ್ಲಿ ಈ ತಪ್ಪು ಹೆಚ್ಚು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗ 100 ಮೀಟರಿಗೆ 41 ಹೆಜ್ಜೆ ಹಾಕಿದರು ಎಂದು ಕೇಳಿ ಹಲವು ಮಕ್ಕಳು ಹಾಗೆ ಚಾಚಲು ಹೋಗುತ್ತಾರೆ. ಬೋಲ್ಟ್ ಎತ್ತರ 1.95 ಮೀಟರ್. ನಿಮ್ಮ ಹೆಜ್ಜೆ ಉದ್ದವಾಗಬೇಕಾದದ್ದು ತಳ್ಳುವ ಬಲದಿಂದ, ಕಾಲು ಚಾಚುವುದರಿಂದ ಅಲ್ಲ.

ಆಮೇಲೆ ಅಂತರ ಅಳೆಯಿರಿ. ಮೊದಲ ಏಳೆಂಟು ಹೆಜ್ಜೆಗಳಲ್ಲಿ ಪ್ರತಿ ಅಂತರವೂ ಹಿಂದಿನದಕ್ಕಿಂತ ಅರ್ಧ ಗೇಣಿನಷ್ಟು ಜಾಸ್ತಿಯಾಗುತ್ತ ಹೋಗಬೇಕು. ಮೂರನೆಯ ಹೆಜ್ಜೆ ಎರಡನೆಯದಕ್ಕಿಂತ ಗಿಡ್ಡ ಬಂದಿದ್ದರೆ ಅಲ್ಲಿ ನೀವು ಎಡವಿದ್ದೀರಿ ಅಥವಾ ತಲೆ ಎತ್ತಿ ನೋಡಿದ್ದೀರಿ. ಗುರುತುಗಳು ಹಾವಿನ ಹಾಗೆ ಆಚೆ ಈಚೆ ಬಿದ್ದಿದ್ದರೆ ಕೈಗಳು ಎದೆಯ ಮುಂದೆ ಅಡ್ಡ ಬೀಸುತ್ತಿವೆ. ಕೈ ಗಲ್ಲದ ಮಟ್ಟದಿಂದ ಸೊಂಟದ ಹಿಂದಿನವರೆಗೆ ನೇರ ಹೋಗಿ ಬರಲಿ. ಎಡ ಪಾದದ ಗುರುತು ಸದಾ ಹೊರಕ್ಕೆ ತಿರುಗಿದ್ದರೆ ಪಿಟಿ ಮಾಸ್ತರಿಗೆ ಅಥವಾ ಅಕ್ಕೋರಿಗೆ ತೋರಿಸಿ.

ಒಂದು ನೋಟ್‌ಬುಕ್ ಇಡಿ. ತಾರೀಖು, 30 ಮೀಟರಿಗೆ ಎಷ್ಟು ಹೆಜ್ಜೆ, ಹಿಮ್ಮಡಿ ಗುರುತು ಇತ್ತೋ ಇಲ್ಲವೋ. ಮೂರೇ ಕಾಲಂ.

ಸ್ಟಾರ್ಟ್

ಪಾದ ಒತ್ತಿ ಹೊರಡುವ ಬ್ಲಾಕ್ ಇಲ್ಲದಿದ್ದರೂ ಕಲಿಯಬಹುದು. ಯಾವ ಕಾಲು ಮುಂದೆ ಎಂದು ತಿಳಿಯಲು ಕಾಲು ಜೋಡಿಸಿ ನಿಂತು, ಸೂಚನೆ ಕೊಡದೆ ಹಿಂದಿನಿಂದ ಮೆಲ್ಲಗೆ ತಳ್ಳಲು ಗೆಳೆಯನಿಗೆ ಹೇಳಿ. ಬೀಳದಿರಲು ಯಾವ ಕಾಲು ಮುಂದೆ ಇಟ್ಟಿರೋ ಅದು ಸ್ಟಾರ್ಟ್‌ನಲ್ಲಿ ಹಿಂದಿನ ಕಾಲು. ಗೆರೆಯಿಂದ ನಿಮ್ಮ ಎರಡು ಪಾದದಷ್ಟು ಹಿಂದೆ ಮುಂದಿನ ಕಾಲು, ಮೂರು ಪಾದದಷ್ಟು ಹಿಂದೆ ಹಿಂದಿನ ಕಾಲು. ಕೈಬೆರಳು ಗೆರೆಯನ್ನು ಮುಟ್ಟಬಾರದು. ‘ಸೆಟ್’ ಎಂದಾಗ ಸೊಂಟ ಭುಜಕ್ಕಿಂತ ತುಸು ಮೇಲೆ ಬರಬೇಕು, ಅಲ್ಲೇ ಅಲುಗದೆ ನಿಲ್ಲಬೇಕು.

ಹೊರಡುವ ಸದ್ದು ಕೇಳಿದೊಡನೆ ಎದ್ದು ನಿಂತು ಗುರಿ ನೋಡುವುದೇ ಸಾಮಾನ್ಯ ತಪ್ಪು. ಕಣ್ಣು ಒಂದೆರಡು ಮೀಟರ್ ಮುಂದಿನ ನೆಲದ ಮೇಲಿರಲಿ, 20 ಮೀಟರ್ ದಾಟುವಷ್ಟರಲ್ಲಿ ದೇಹ ತಾನಾಗಿ ಮೇಲೇಳಲಿ. ಸದ್ದನ್ನು ಊಹಿಸಿ ಹೊರಡಬೇಡಿ. ದೊಡ್ಡ ಕೂಟಗಳಲ್ಲಿ ಸದ್ದಾದ 0.1 ಸೆಕೆಂಡಿನೊಳಗೆ ಹೊರಟರೂ ಫಾಲ್ಸ್ ಸ್ಟಾರ್ಟ್, ಅಂದರೆ ತಪ್ಪು ಹೊರಡುವಿಕೆ. 2010ರಿಂದ ಮೊದಲ ತಪ್ಪಿಗೇ ಹೊರಗೆ. 2011ರ ದೇಗು ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಫೈನಲ್‌ನಲ್ಲಿ ಬೋಲ್ಟ್‌ರನ್ನೇ ಹೀಗೆ ಹೊರಗೆ ಹಾಕಿದರು.

ಎಷ್ಟು ಓಡಬೇಕು

ಹತ್ತು ನಿಮಿಷ ಮೆಲ್ಲಗೆ ಓಟ, ಹತ್ತು ನಿಮಿಷ ಮೊಣಕಾಲು ಎತ್ತುವ, ಹಿಮ್ಮಡಿ ಹಿಂದಕ್ಕೆ ಬಡಿಯುವ ವ್ಯಾಯಾಮ, ಆಮೇಲೆ ಮುಕ್ಕಾಲು ವೇಗದಲ್ಲಿ 60 ಮೀಟರ್ ಮೂರು ಸಲ. ಇಷ್ಟಾದ ಮೇಲೆಯೇ ಪೂರ್ತಿ ವೇಗ: 30 ಮೀಟರ್, ಆರು ಸಲ. ಪ್ರತಿ 10 ಮೀಟರಿಗೆ ಒಂದು ನಿಮಿಷದ ಲೆಕ್ಕದಲ್ಲಿ, ಅಂದರೆ ನಡುವೆ ಮೂರು ನಿಮಿಷ ವಿಶ್ರಾಂತಿ. ಬೇಜಾರು ಬಂತೆಂದು ಒಂದೇ ನಿಮಿಷಕ್ಕೆ ಓಡಿದರೆ ಅದು ಸ್ಪ್ರಿಂಟ್ ಅಲ್ಲ, ದಮ್ಮಿನ ಓಟ. ವಾರಕ್ಕೆ ಎರಡೇ ದಿನ, ಹೆಚ್ಚೆಂದರೆ ಮೂರು, ನಡುವೆ ಒಂದು ದಿನ ಬಿಟ್ಟು. ತೊಡೆಯ ಹಿಂಭಾಗ ಚುಳ್ ಅಂದರೆ ಅಂದಿನ ಓಟ ಅಲ್ಲಿಗೇ ನಿಲ್ಲಿಸಿ.

ಸಮಯ ನೋಡುವವರು ಗುರಿಯ ಬಳಿ ನಿಂತಿದ್ದರೆ ಸದ್ದಿಗೆ ವಾಚ್ ಒತ್ತಬಾರದು. 100 ಮೀಟರ್ ದೂರಕ್ಕೆ ಸದ್ದು ತಲುಪಲು ಸುಮಾರು 0.3 ಸೆಕೆಂಡು ಬೇಕು. ಸ್ಟಾರ್ಟರ್ (ಓಟ ಶುರು ಮಾಡಿಸುವವರು) ಎತ್ತಿದ ಕೈ ಕೆಳಗಿಳಿಯುವುದನ್ನು ಕಣ್ಣಿಂದ ನೋಡಿ ಒತ್ತಲಿ.

ಗಂಜಿಯ ವಿಷಯ

ಲಾಸ್ ಏಂಜಲೀಸ್‌ನಲ್ಲಿ ಊಟ ಒಗ್ಗದೆ ಗಂಜಿ, ಉಪ್ಪಿನಕಾಯಿಯಲ್ಲೇ ಇರಬೇಕಾಯಿತು, ಕೊನೆಯ 35 ಮೀಟರ್‌ನಲ್ಲಿ ಕಸುವು ಉಳಿಯಲಿಲ್ಲ ಎಂದು ಉಷಾ ಮುಂದೆ ಹೇಳಿದ್ದಾರೆ. ಆ ಓಟದಲ್ಲಿ ಹತ್ತನೆಯ ಹರ್ಡಲ್ ದಾಟಿದ ಮೇಲೆ ಉಳಿಯುವುದು 40 ಮೀಟರ್. ಗಂಜಿ ಕೆಟ್ಟದ್ದಲ್ಲ, ಓಟಕ್ಕೆ ಎರಡು ತಾಸು ಮೊದಲು ಹೊಟ್ಟೆಗೆ ಹಗುರ. ಅದರಲ್ಲಿ ಸ್ನಾಯು ಕಟ್ಟುವ ಸತ್ವ ಕಡಿಮೆ, ಅಷ್ಟೇ. ಓಡಿ ಬಂದ ಮೇಲೆ ಬಂಗಡೆಯೋ ಮೊಟ್ಟೆಯೋ, ತಿನ್ನದವರಿಗೆ ಹೆಸರುಕಾಳು, ಮೊಸರು, ಶೇಂಗಾ ಜೊತೆಗೆ ಬೇಕು. ನಮ್ಮ ಕಡೆಯ ಸೆಕೆಗೆ ಉಪ್ಪು, ಬೆಲ್ಲ ಹಾಕಿದ ಮುರುಗಲು ಪಾನಕ ಒಳ್ಳೆಯದು.

ಶಿರಸಿಯಲ್ಲಿ, ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಗೆ ಹೋಗಲೇಬೇಡಿ. ಶಾಲೆಯ ಜಗುಲಿಯಲ್ಲಿ ಮೊಣಕಾಲು ಎತ್ತುವ ವ್ಯಾಯಾಮ, ಹಗ್ಗದಾಟ ಸಾಕು. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಮರಳಿಲ್ಲ, ಏರು ಇದೆ. ವಾಹನ ಓಡಾಡದ ಸಣ್ಣ ಏರಿನಲ್ಲಿ 20 ಮೀಟರ್ ಆರು ಸಲ ಮೇಲಕ್ಕೆ ಓಡಿ, ಇಳಿಯುವಾಗ ನಡೆದೇ ಬನ್ನಿ. ಏರಿನಲ್ಲಿ ದೇಹ ತಾನಾಗಿ ಮುಂದಕ್ಕೆ ಬಾಗುವುದರಿಂದ ಸ್ಟಾರ್ಟ್‌ಗೆ ಒಳ್ಳೆಯ ಪಾಠ. ಪಾಚಿ ಕಟ್ಟಿದ ಜಂಬಿಟ್ಟಿಗೆ ನೆಲದಲ್ಲಿ ಮಾತ್ರ ಬೇಡ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಜಿಲ್ಲೆಯ ಕಾಡಂಚಿನ ಊರುಗಳಿಂದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಶುರು ಮಾಡಿತ್ತು. ಕಮಲಾ ಬಾಬು ಸಿದ್ದಿ ಹರ್ಡಲ್ಸ್‌ನಲ್ಲಿ ಹೆಸರು ಮಾಡಿದ್ದು ಅಲ್ಲಿಂದಲೇ. ಘಟ್ಟದ ಮೇಲಿನ ಮಕ್ಕಳು ಇದನ್ನು ತಿಳಿದಿರಬೇಕು.

ಕೊನೆಯ ಹೆಜ್ಜೆ

ಮತ್ತೆ ಆ 7 ಸೆಂಟಿಮೀಟರಿಗೆ ಬರೋಣ. ಉಷಾ ಅವರ 55.42 ಅನ್ನು 39 ವರ್ಷ ಯಾವ ಭಾರತೀಯ ಓಟಗಾರ್ತಿಯೂ ಮುಟ್ಟಲಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿತ್ಯಾ ರಾಮರಾಜ್ ಸರಿಯಾಗಿ 55.42ರಲ್ಲೇ ಓಡಿ ಅದನ್ನು ಸರಿಗಟ್ಟಿದರು. ಗುರಿ ಮುಟ್ಟಿದ್ದನ್ನು ಲೆಕ್ಕ ಹಾಕುವುದು ಮುಂಡದಿಂದ. ತಲೆ, ಕುತ್ತಿಗೆ, ಕೈ, ಕಾಲು ಯಾವುದೂ ಲೆಕ್ಕಕ್ಕಿಲ್ಲ. ಆದ್ದರಿಂದ ಕೊನೆಯ ಒಂದೇ ಒಂದು ಹೆಜ್ಜೆಯಲ್ಲಿ ಎದೆಯನ್ನು ಮುಂದಕ್ಕೆ ಚಾಚಿ, ಕೈಗಳನ್ನು ಹಿಂದಕ್ಕೆ ಎಸೆಯಬೇಕು. ಮೂರು ಹೆಜ್ಜೆ ಮೊದಲೇ ಬಾಗಿದರೆ ವೇಗ ಹೋಗುತ್ತದೆ. ಹಾರಿದರಂತೂ ಗಾಳಿಯಲ್ಲಿ ತಳ್ಳಲು ನೆಲವೇ ಇರುವುದಿಲ್ಲ.

ಅಭ್ಯಾಸಕ್ಕೆ ಒಂದೆಳೆ ಉಲ್ಲನ್ ದಾರ ಸಾಕು. ಇಬ್ಬರು ಎದೆಯ ಮಟ್ಟಕ್ಕೆ, ಬೆರಳ ತುದಿಯಲ್ಲಿ ಸಡಿಲವಾಗಿ ಹಿಡಿಯಲಿ. ನೈಲಾನ್ ದಾರ, ಬಲೆಯ ಹುರಿ ಖಂಡಿತ ಬೇಡ, ಕುತ್ತಿಗೆ ಕೊಯ್ಯುತ್ತದೆ. ದಾರದಿಂದ 5 ಮೀಟರ್ ಆಚೆ ಒಂದು ಜೊತೆ ಚಪ್ಪಲಿ ಇಡಿ. ಓಡುವವರು ಚಪ್ಪಲಿಯವರೆಗೂ ವೇಗ ಇಳಿಸಬಾರದು, ದಾರ ದಾರಿಯಲ್ಲಿ ತಾನಾಗಿ ಎದೆಗೆ ಸಿಗಬೇಕು. 20 ಮೀಟರ್ ದೂರದಿಂದ ಬಂದು ನಾಲ್ಕು ಸಲ ಮಾಡಿ. ದಾರ ಹೊಟ್ಟೆಗೆ ತಾಗಿದರೆ ಬಾಗಿದ್ದು ತಡವಾಯಿತು, ಮುಖಕ್ಕೆ ತಾಗಿದರೆ ಬಾಗಿದ್ದು ಅತಿಯಾಯಿತು.