ಹಳೆಯ ಯೆಜ್ಡಿಯ ಗೇರ್ ಬಾಕ್ಸಿಗೆ ಯಾವ ದಪ್ಪದ ಆಯಿಲ್ ಹಾಕಬೇಕು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋದರೂ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಇಂದಿಗೂ ಜೋಪಾನವಾಗಿ ಓಡಿಸುವವರಿದ್ದಾರೆ. ಅವರು ಅಂಗಡಿಗೆ ಹೋಗಿ ಗೇರ್ ಆಯಿಲ್ ಕೇಳಿದರೆ, ಲಾರಿ ಮತ್ತು ಕಾರುಗಳ ಗೇರ್ ಬಾಕ್ಸಿಗೆ ಹಾಕುವ, ಡಬ್ಬದ ಮೇಲೆ 90 ಎಂದು ಬರೆದಿರುವ ಆಯಿಲನ್ನೇ ಅಂಗಡಿಯವರು ತೆಗೆದುಕೊಡುವುದುಂಟು. ಅದನ್ನು ತರುವ ಮೊದಲು, ನಮ್ಮ ಬೈಕಿನಲ್ಲಿ ಆ ಆಯಿಲ್ ಯಾವ ಯಾವ ಭಾಗಗಳನ್ನು ನೋಡಿಕೊಳ್ಳಬೇಕು ಎಂಬುದನ್ನು ತಿಳಿದುಕೊಳ್ಳಬೇಕು.

ಯೆಜ್ಡಿ ಟೂ ಸ್ಟ್ರೋಕ್ ಬೈಕಾದ್ದರಿಂದ ಅದರ ಕ್ರ್ಯಾಂಕ್ ಮತ್ತು ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಹೋಗುತ್ತದೆ. ಗೇರ್ ಬಾಕ್ಸಿನಲ್ಲಿರುವ ಆಯಿಲ್ ಗೇರುಗಳಿಗೆ, ಎಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ಪ್ರೈಮರಿ ಚೈನಿಗೆ ಮತ್ತು ಅದರಲ್ಲೇ ಮುಳುಗಿ ತಿರುಗುವ ಕ್ಲಚ್ ಪ್ಲೇಟುಗಳಿಗೆ ಸೇರಿದ್ದು. ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟಿನ ಸಂಗತಿ ಬೇರೆ: ಅದರ ಕ್ಲಚ್ ಪ್ರೈಮರಿ ಕೇಸಿನಲ್ಲಿ ತನ್ನದೇ ಆಯಿಲಿನಲ್ಲಿರುತ್ತದೆ, ಗೇರ್ ಬಾಕ್ಸ್ ಪ್ರತ್ಯೇಕವಾಗಿರುತ್ತದೆ. ಆದ್ದರಿಂದಲೇ ಅಲ್ಲಿ 90 ನಡೆಯುತ್ತದೆ. ಬುಲೆಟ್ ಇಟ್ಟುಕೊಂಡ ಗೆಳೆಯರ ಸಲಹೆಯನ್ನು ಯೆಜ್ಡಿಗೆ ಹಾಗೆಯೇ ಅನ್ವಯಿಸಬಾರದು.

ಇನ್ನು ಅಂಕಿಗಳ ಗೊಂದಲ. ಗೇರ್ ಆಯಿಲಿನ 90 ಮತ್ತು ಎಂಜಿನ್ ಆಯಿಲಿನ 40 ಎರಡು ಬೇರೆ ಬೇರೆ ಅಳತೆಪಟ್ಟಿಗಳಿಗೆ ಸೇರಿದವು. 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆದಾಗ 40ರ ಎಂಜಿನ್ ಆಯಿಲ್ 12.5ರಿಂದ 16.3 ಸೆಂಟಿಸ್ಟೋಕ್‌ನಷ್ಟೂ (ಇದು ಆಯಿಲಿನ ದಪ್ಪ ಅಳೆಯುವ ಮಾನ), 90ರ ಗೇರ್ ಆಯಿಲ್ ಈಗಿನ ಪಟ್ಟಿಯಂತೆ 13.5ರಿಂದ 18.5ರಷ್ಟೂ ದಪ್ಪವಿರುತ್ತದೆ. ಅಂದರೆ ಬಿಸಿಯಾದ ಮೇಲೆ ಎರಡೂ ಹೆಚ್ಚುಕಡಿಮೆ ನೆರೆಹೊರೆಯವೇ. 90 ಎಂಬುದು 40ರ ಎರಡರಷ್ಟು ಮಂದವಲ್ಲ. ಹಾಗಿದ್ದರೆ 90 ಏಕೆ ಬೇಡ? ಒಂದನೆಯದಾಗಿ, ಮಲ್ಟಿಗ್ರೇಡ್ (ಚಳಿ, ಬಿಸಿ ಎರಡಕ್ಕೂ ಹೊಂದುವಂಥದ್ದು) ಅಲ್ಲದ 90 ಬೆಳಗಿನ ತಂಪಿನಲ್ಲಿ ಬಹಳ ಮಂದವಾಗಿದ್ದು ಕ್ಲಚ್ ಪ್ಲೇಟುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಎರಡನೆಯದು ಇನ್ನೂ ಮುಖ್ಯ: ಜಿಎಲ್-5 ದರ್ಜೆಯ ಗೇರ್ ಆಯಿಲಿಗೆ ಭಾರೀ ಒತ್ತಡ ತಡೆಯಲೆಂದು ಸೇರಿಸುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಕ್ಲಚ್ಚಿನ ಹಿಡಿತವನ್ನು ಕೆಡಿಸಬಲ್ಲವು, ಕಂಚಿನ ಬುಷ್‌ಗಳನ್ನೂ ತಿನ್ನಬಲ್ಲವು. ಬಿಡಿಭಾಗಗಳಿಗೆ ಊರೂರು ಅಲೆಯಬೇಕಾದ ಬೈಕಿಗೆ ಈ ಅಪಾಯವನ್ನು ತಂದುಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ.

ನಿಮ್ಮ ಮಾದರಿಯ ಕೈಪಿಡಿ ಸಿಕ್ಕರೆ ಅದರಲ್ಲಿರುವ ದರ್ಜೆಯೇ ಮೊದಲ ಆಯ್ಕೆ. ಕೈಪಿಡಿ ಇಲ್ಲದಿದ್ದರೆ, ಜಾಸೋ ಎಂಬ ಜಪಾನಿನ ವಾಹನ ಮಾನದಂಡ ಸಂಸ್ಥೆಯ ಎಂಎ ಅಥವಾ ಎಂಎ2 ಗುರುತಿರುವ 20ಡಬ್ಲ್ಯೂ-40 ಫೋರ್ ಸ್ಟ್ರೋಕ್ ಬೈಕ್ ಆಯಿಲಿನಿಂದ ಆರಂಭಿಸುವುದು ಸೂಕ್ತವೆಂಬುದು ನನ್ನ ಅಭಿಪ್ರಾಯ. ಆ ಗುರುತು ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಅದು ಹೊಂದುತ್ತದೆ ಎಂಬುದನ್ನು ಸೂಚಿಸುತ್ತದೆ. ಎಂಬಿ ಗುರುತಿನದು ಘರ್ಷಣೆ ಕಡಿಮೆ ಮಾಡುವ ಆಯಿಲ್, ಸ್ಕೂಟರುಗಳಿಗೆ ಸರಿ, ಇಲ್ಲಿ ಬೇಡ. ಡಬ್ಲ್ಯೂ ಹಿಂದಿನ 20 ಚಳಿಯ ಲೆಕ್ಕ. ಅದರ ಪರೀಕ್ಷೆ ನಡೆಯುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಮಡಿಕೇರಿಯ ಡಿಸೆಂಬರಿನಲ್ಲೂ ಅಂಥ ಚಳಿ ಇಲ್ಲದ್ದರಿಂದ, ನಮ್ಮ ನಾಡಿನಲ್ಲಿ ಓಡಿಸುವವರು ಕೊನೆಯ ಅಂಕಿಯ ಕಡೆಗೇ ಹೆಚ್ಚು ಗಮನ ಕೊಡಬೇಕು.

ಹಾಕಿದ ಆಯಿಲ್ ಹೊಂದಿದೆಯೇ ಎಂಬುದನ್ನು ಬೈಕೇ ತಿಳಿಸುತ್ತದೆ. ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದಾಗ ಬೈಕು ಮುಂದಕ್ಕೆ ಎಗರಿದರೆ, ಎಂಜಿನ್ ಓಡುತ್ತಿರುವಾಗ ನ್ಯೂಟ್ರಲ್ ಸಿಗದಿದ್ದರೆ ಆಯಿಲ್ ಮಂದವಾಗಿರಬಹುದು. ಆದರೆ ಕ್ಲಚ್ ಕೇಬಲ್ ಸಡಿಲವಿದ್ದರೂ ಇದೇ ಲಕ್ಷಣ ಕಾಣುತ್ತದೆ. ಮೊದಲು ಅದನ್ನು ಸರಿಪಡಿಸಿ ನೋಡಬೇಕು. ಕಲಬುರಗಿಯ ಬೇಸಿಗೆಯಲ್ಲಿ ಇಬ್ಬರು ಕುಳಿತು ದೂರ ಓಡಿಸಿದ ಮೇಲೆ ಗೇರುಗಳ ಗುಂಯ್‌ಗುಡುವಿಕೆ ಹೆಚ್ಚಾಗಿ, ಗೇರ್ ಬದಲಾವಣೆ ಒರಟಾದರೆ 50ರ ದರ್ಜೆಗೆ ಏರಬಹುದು.

ಒಂದು ದೋಷವನ್ನು ಮಾತ್ರ ದಪ್ಪ ಆಯಿಲಿನಿಂದ ಮುಚ್ಚಿಡಲು ಹೋಗಬೇಡಿ. ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೂ ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗುತ್ತಿದ್ದರೆ, ಕ್ಲಚ್ ಪಕ್ಕದ ಕ್ರ್ಯಾಂಕ್ ಆಯಿಲ್ ಸೀಲ್ ಸವೆದು ಎಂಜಿನ್ ಆ ಆಯಿಲನ್ನು ಒಳಗೆಳೆದುಕೊಳ್ಳುತ್ತಿದೆ ಎಂದು ಅನುಮಾನಿಸಬೇಕು. ಬಸಿದ ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಬಂದರೂ ಅದೇ ಸೀಲನ್ನು ಪರೀಕ್ಷಿಸಬೇಕು. ಅಲ್ಲಿ ಬೇಕಿರುವುದು ಹೊಸ ಸೀಲ್.

ಆಯಿಲ್ ಬದಲಿಸುವಾಗ ಹತ್ತು ನಿಮಿಷ ಬೈಕ್ ಓಡಿಸಿ, ಬಿಸಿಯಿರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ, ಕೆಳಗಿಟ್ಟ ತಟ್ಟೆಗೆ ಪೂರ್ತಿ ಬಸಿಯಲು ಬಿಡಬೇಕು. ಬಸಿದದ್ದನ್ನು ಬೆರಳುಗಳ ನಡುವೆ ಉಜ್ಜಿ ನೋಡಿ: ನುಣ್ಣನೆಯ ಬೂದು ಪುಡಿ ಸಹಜ, ಚೂರುಗಳು ಕಂಡರೆ ಗೇರ್ ಬಾಕ್ಸ್ ಬಿಚ್ಚಿಸಬೇಕಾಗುತ್ತದೆ. ಬೋಲ್ಟಿಗೆ ಹೊಸ ವಾಷರ್ ಹಾಕಿ, ಎಳೆ ಕೆಡದಷ್ಟೇ ಬಿಗಿಮಾಡಿ, ಹೊಸ ಆಯಿಲನ್ನು ಅಳೆದು ಸುರಿಯಿರಿ. ಮರುದಿನ ಬೆಳಿಗ್ಗೆ ನಿಲ್ಲಿಸಿದ ಜಾಗದ ಕೆಳಗೆ ಹನಿ ಬಿದ್ದಿದೆಯೇ ಎಂದು ನೋಡಿಕೊಂಡ ನಂತರ ಬೈಕನ್ನು ಹೊರಗೆ ತೆಗೆಯಬಹುದು.